ಅವಳು ಬದುಕಿರಲೇಬೇಕು

ಸುಪೀರಿಯರ್ ಸರೋವರದ ದಡ, ಒಂಟಾರಿಯೊ
ಮಾರ್ಚ್ ೧೨, ೨೦೨೪

ಮುದ್ದು ಆನಿಕ್ಕಿ,

ನೀನೂ ನಿನ್ನ ಗಂಡನೂ ಕ್ಷೇಮವೆಂದುಕೊಂಡಿದ್ದೇನೆ. ಪುಟ್ಟಿಯ ಕೆಮ್ಮು ನಿಂತಿತೇ? ರಾತ್ರಿ ಮಲಗುವಾಗ ಅಂಗಾಲಿಗೆ ಸ್ವಲ್ಪ ಎಣ್ಣೆ ತಿಕ್ಕಿ ಕಾಲುಚೀಲ ಹಾಕು. ಡಾಕ್ಟರು ನಕ್ಕರೆ ನಗಲಿ.

ಕ್ರಿಸ್‌ಮಸ್ಸಿಗೆ ನೀನು ಬಂದು ಹೋದ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ಸಿಟ್ಟಾಗಿದ್ದೀಯೆ, ಗೊತ್ತು. ಎಡಗೈಯ ಎರಡು ಬೆರಳು ಮಾತ್ರ ಈಗ ನನ್ನ ಮಾತು ಕೇಳುತ್ತವೆ. ಅವೂ ಚಳಿ ಹೆಚ್ಚಿದ ದಿನ ಮುಷ್ಕರ ಹೂಡುತ್ತವೆ, ಎಷ್ಟೆಂದರೂ ನಿನ್ನ ಅಜ್ಜನ ರಕ್ತ. ಭಾನುವಾರ ಫೋನು ಮಾಡುತ್ತೀಯಲ್ಲ, ಅಲ್ಲಿಯೇ ಹೇಳಬಹುದಿತ್ತು ಎನ್ನಬೇಡ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಸಮಾಧಾನ ಹೇಳಲು ಶುರುಮಾಡುತ್ತೀಯೆ. ಕಾಗದಕ್ಕೆ ಅಡ್ಡಬಾಯಿ ಹಾಕುವಂತಿಲ್ಲ.

ಇಲ್ಲಿ ಸರೋವರದ ಮಂಜುಗಡ್ಡೆ ಇನ್ನೂ ಬಿಟ್ಟಿಲ್ಲ. ಈ ಆರೈಕೆ ಮನೆಯ ಅಡುಗೆಯವರು ಮೀನಿನ ಸಾರನ್ನು ಎಂದಿನಂತೆ ಹಾಳುಮಾಡುತ್ತಿದ್ದಾರೆ. ಲಿಗಾಯಾಳ ಕೆಲಸ ಖಾಯಮ್ಮಾಯಿತು; ಮನಿಲಾದಿಂದ ಅವಳ ತಾಯಿಯೂ ಬೇಸಿಗೆಗೆ ಬರುತ್ತಾಳಂತೆ. ನನ್ನನ್ನು ಎತ್ತಿ ಕೂರಿಸುವಾಗ ಹಾಡುವ ದಾದಿ ಇದ್ದಾಳಲ್ಲ, ಅವಳೇ.

ಇನ್ನು ದೊಡ್ಡ ಸಂಗತಿ. ನಿನ್ನ ಸೋದರಮಾವನನ್ನು ಕೊಂದವಳ ಮೇಲೆ ನಾನು ಸೇಡು ತೀರಿಸಿಕೊಂಡೆ. ತೀರಿಸಿಕೊಳ್ಳುತ್ತಲೇ ಇದ್ದೇನೆ ಎಂದರೆ ಸರಿಯಾದೀತು.

'ಕೊಂದವಳು' ಎಂದು ಓದಿ ನೀನು ಹುಬ್ಬು ಗಂಟಿಕ್ಕುತ್ತೀಯೆ. 'ಅಮ್ಮಾ, ಅದು ಮಾವನ ಸ್ವಂತ ನಿರ್ಧಾರ' ಎನ್ನುತ್ತೀಯೆ. ಅವನು ಹೋದ ದಿನ ನೀನೂ ಅಲ್ಲಿದ್ದೆ. ಕಿಟಕಿ ತೆರೆದಿತ್ತು, ಅವನಿಗಿಷ್ಟವಾದ ಅಕಾರ್ಡಿಯನ್ ಹಾಡು ಹಾಕಿದ್ದರು, ಡಾಕ್ಟರು ಮೆತ್ತಗೆ ಮಾತಾಡಿದರು. 'ಎಷ್ಟು ಶಾಂತವಾಗಿ ಹೋದ್ರು' ಎಂದು ನನ್ನ ಹೆಗಲ ಮೇಲೆ ಅತ್ತೆ. ಹೌದು, ಶಾಂತವಾಗಿ ಹೋದ. ಅದಕ್ಕೂ ಮೊದಲಿನ ಎರಡು ವರ್ಷದ ಕಥೆ ನಿನಗೆ ಅರ್ಧ ಮಾತ್ರ ಗೊತ್ತು.

ಮರ ಕಡಿಯುವವರ ಸಂಘ ಕಟ್ಟಿದ ನಿನ್ನ ಅಜ್ಜ ಮಗನಿಗೆ 'ಹೋರಾಟ' ಎಂದೇ ಹೆಸರಿಟ್ಟ. ತೈಸ್ತೊ ಎಂದರೆ ನಮ್ಮ ಫಿನ್ನಿಶ್ ಮಾತಿನಲ್ಲಿ ಅದೇ ತಾನೆ. ಕುತ್ತಿಗೆಯ ಮೇಲೆ ಮರ ಬಿದ್ದಾಗ ಅವನಿಗೆ ಮೂವತ್ತನಾಲ್ಕು. ಆಮೇಲೂ ಅವನು ತನ್ನದೇ ಮನೆಯಲ್ಲಿ, ತನ್ನದೇ ಬೀಗದ ಕೈ ಇಟ್ಟುಕೊಂಡು ಬದುಕಿದ. ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಜಾರುಬಂಡಿಯಲ್ಲಿ ಮಂಜಿನ ಮೇಲೆ ಮೀನು ಹಿಡಿಯಲು ಹೋಗುತ್ತಿದ್ದ. ಬೆಳಗ್ಗೆ, ಸಂಜೆ ಒಬ್ಬರು ಬಂದು ಎಬ್ಬಿಸಿ, ಮಲಗಿಸಿ ಹೋದರೆ ಅವನಿಗೆ ಸಾಕಿತ್ತು. ಆ ಒಬ್ಬರನ್ನು ಕಿತ್ತುಕೊಂಡರು. ಜನ ಇಲ್ಲ, ಗಂಟೆ ಕಡಿಮೆ ಮಾಡಿದ್ದೇವೆ ಎಂದರು. ಮಧ್ಯಾಹ್ನದವರೆಗೆ ಒದ್ದೆ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದ. ಬೆನ್ನು ಹುಣ್ಣಾಯಿತು. ಚಾವಣಿಯಿಂದ ಇಳಿಬಿಡುವ ಲಿಫ್ಟ್ ಒಂದಿದ್ದರೆ ಒಬ್ಬರೇ ಬಂದರೂ ಎತ್ತಬಹುದೆಂದು ಕೇಳಿದ. ಬೇಡಿದ ಎನ್ನಬೇಕು, ಆದರೆ ಅವನಿಗೆ ಬೇಡಲು ಬರುತ್ತಿರಲಿಲ್ಲ.

ಆಗ ಮನೆ-ಆರೈಕೆ ಕಚೇರಿಯಿಂದ ಒಬ್ಬ ಹೆಂಗಸು ಬಂದಳು. ಗ್ರಿಯರ್ ಹ್ಯಾಡೋ. ತೈಸ್ತೊ ಹಾಸಿಗೆಯ ಮೇಲೆ ಫೋನು ತೆರೆದಿಟ್ಟಿದ್ದ; ನಾನು ಇಲ್ಲಿಂದ ಕೇಳಿಸಿಕೊಳ್ಳುತ್ತಿದ್ದೆ. ಬೆಣ್ಣೆಯಂಥ ದನಿ.

"ಲಿಫ್ಟ್ ಈ ವರ್ಷ ಆಗೋದು ಕಷ್ಟ, ತೈಸ್ತೊ. ಆರೈಕೆ ಮನೇಲಿ ಜಾಗ ಇದೆ, ಆದ್ರೆ ಇಲ್ಲಿಂದ ನಾಲ್ಕು ಗಂಟೆ ದಾರಿ. ಇನ್ನೊಂದು ದಾರೀನೂ ಇದೆ. ನಿಮಗೆ ಗೊತ್ತಿರಲಿ ಅಂತ ಹೇಳ್ತಿದೀನಿ, ಅಷ್ಟೇ. ಇನ್ನು ಸಾಕು ಅನ್ನಿಸಿದ್ರೆ, ಡಾಕ್ಟರ ಸಹಾಯದಿಂದ ನೆಮ್ಮದಿಯಾಗಿ ಹೋಗೋಕೂ ಈಗ ಕಾನೂನಲ್ಲಿ ಅವಕಾಶ ಇದೆ."

ಅವಳು ಹೋದ ಮೇಲೆ ತೈಸ್ತೊ ನಕ್ಕ. "ಹಿಲ್ಕಾ, ಕೇಳಿಸ್ಕೊಂಡ್ಯಾ? ಎತ್ತೋಕೆ ಯಂತ್ರ ಕೇಳಿದ್ರೆ ಮೇಲಕ್ಕೇ ಕಳಿಸ್ತಾರಂತೆ! ಹಾಕೇಬಿಡ್ತೀನಿ ಅರ್ಜಿ. ಸಾಯ್ತೀನಿ ಅಂದ್ರೆ ಹೆದರ್ಕೊಂಡು ಲಿಫ್ಟ್ ಕೊಡ್ತಾರೆ, ನೋಡ್ತಿರು."

ಯಾರೂ ಹೆದರಲಿಲ್ಲ. ಲಿಫ್ಟಿಗಾಗಿ ಎರಡು ಚಳಿಗಾಲ ಕಾದ. ಸಾವು ಒಂದೇ ಬೇಸಿಗೆಯಲ್ಲಿ ಬಂತು. ಅರ್ಜಿಗೆ ಒಪ್ಪಿಗೆ ಸಿಕ್ಕ ದಿನ ಅವನ ದನಿ ಬೇರೆಯೇ ಆಗಿತ್ತು. "ನಾನು ಬದುಕಿರ್ಬೇಕು ಅಂತ ಒಬ್ಬರಾದ್ರೂ ವಾದ ಮಾಡ್ತಾರೆ ಅಂದ್ಕೊಂಡಿದ್ದೆ ಕಣೇ," ಎಂದ. ನಾನು ವಾದ ಮಾಡಿದೆ, ಬೈದೆ, ಬೇಡಿಕೊಂಡೆ. ನನ್ನದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಅಕ್ಕ; ಅಕ್ಕಂದಿರು ಹಾಗನ್ನಲೇಬೇಕು. ಅವನು ಕಾಯುತ್ತಿದ್ದದ್ದು ಬೇರೆಯವರ ಬಾಯಿಂದ.

ಈಗ ಕೇಳು. ಕಳೆದ ಅಕ್ಟೋಬರಿನಲ್ಲಿ ನನ್ನ ಎದುರು ಕೋಣೆಗೆ ಒಬ್ಬ ಹೆಂಗಸನ್ನು ತಂದರು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಗಿತ್ತು, ಮಾತು ತೊದಲು, ಬುದ್ಧಿ ಮಾತ್ರ ಚುರುಕು. ಲಿಗಾಯಾ ಅವಳನ್ನು ನಮ್ಮ ಊಟದ ಮೇಜಿಗೆ ತಳ್ಳಿಕೊಂಡು ಬಂದು ಹೇಳಿದಳು: "ಇವ್ರು ಗ್ರಿಯರ್ ಹ್ಯಾಡೋ. ಮನೆ-ಆರೈಕೆ ಕಚೇರೀಲಿ ದೊಡ್ಡ ಕೆಲಸದಲ್ಲಿದ್ರಂತೆ. ಹಿಲ್ಕಾ, ನಿಮಗೆ ಮಾತಿಗೊಂದು ಜೊತೆ ಆಯ್ತು ನೋಡಿ."

ಕ್ರಿಸ್‌ಮಸ್ಸಿಗೆ ನೀನು ಒಂದು ಮುದುಕಿಗೆ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನಿಸಿ, 'ಪಾಪ, ಎಷ್ಟು ಒಳ್ಳೆ ಕಣ್ಣು' ಎಂದೆಯಲ್ಲ, ಅವಳೇ.

ದೇವರು ಅವಳಿಗೆ ತಕ್ಕ ಶಿಕ್ಷೆ ಕೊಟ್ಟ ಎಂದುಕೊಳ್ಳಬೇಡ. ಹಾಗೆ ಅಂದ ಒಬ್ಬಳಿಗೆ ನಾನು ಇಲ್ಲಿ ಮುಖ ಮುರಿಯುವ ಹಾಗೆ ಹೇಳಿದ್ದೇನೆ. ಗಾಲಿಕುರ್ಚಿ ಶಿಕ್ಷೆಯಾದರೆ ನಾನೇನು ಪಾಪ ಮಾಡಿದ್ದೆ? ನರಗಳು ಒಂದೊಂದಾಗಿ ಕೈಬಿಟ್ಟಾಗ ನನಗೆ ನಿನ್ನ ವಯಸ್ಸು. ನನ್ನ ಬದುಕು ಯಾರಿಗೂ ಕೊಡುವ ಶಿಕ್ಷೆಯಲ್ಲ. ಅವಳಿಗೆ ಶಿಕ್ಷೆ ಕೊಡಲು ನಾನಿದ್ದೆ.

ಅವಳಿಗೆ ನನ್ನ ಗುರುತಿರಲಿಲ್ಲ. ನಾನು ಬೇಕೆಂದೇ ಮೇಜಿನಲ್ಲಿ, ತಮ್ಮನೆಂದು ಹೇಳದೆ, ತೈಸ್ತೊನ ಮಾತೆತ್ತುತ್ತಿದ್ದೆ. ಅವಳು ತಲೆ ತಗ್ಗಿಸಿ ಗಂಜಿ ಕುಡಿಯುತ್ತಿದ್ದಳು. ಮರೆತೇಬಿಟ್ಟಿದ್ದಾಳೆ ಎಂದುಕೊಂಡೆ.

ನಮ್ಮ ಮೇಜಿನ ಮೂರನೆಯವನು ಸೈಲಸ್. ಉತ್ತರದ ಕಾಡಿನ ಮೂಲನಿವಾಸಿ, ಸಕ್ಕರೆ ಕಾಯಿಲೆಗೆ ಎರಡೂ ಕಾಲು ಕೊಟ್ಟವನು. ಅವನಿಗೆ ಎಲ್ಲ ಹೇಳಿದ್ದೆ. ಕೇಳಿ ಅವನೆಂದ: "ನಮ್ಮೋರಿಗೆ ಈ ಸರ್ಕಾರ ನೂರೈವತ್ತು ವರ್ಷದಿಂದ ಬಿಟ್ಟಿ ಸಾವು ಹಂಚ್ತಾನೇ ಇದೆ, ಹಿಲ್ಕಾ. ನಿಮ್ಮೋರಿಗೆ ಅರ್ಜಿ ಹಾಕಿಸ್ಕೊಳ್ಳೋ ಮರ್ಯಾದೆ ಆದ್ರೂ ಕೊಟ್ರು."

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಗ್ರಿಯರ್ ಮೇಜಿನಲ್ಲಿ ಅಳುಮೋರೆ ಮಾಡಿದಳು. ವಾರಕ್ಕೊಂದೇ ಸ್ನಾನ. ಉಗ್ರಾಣದಿಂದ ಎತ್ತಿಕೊಟ್ಟ ಹಳೆಯ ಕುರ್ಚಿ. ಅದರಲ್ಲಿ ಅವಳು ಹಿಟ್ಟಿನ ಚೀಲದ ಹಾಗೆ ಒಂದು ಕಡೆ ಕುಸಿದಿರುತ್ತಿದ್ದಳು. "ಕೇಳ್ದೆ... ಎರಡು ಸ್ನಾನ... ಕುರ್ಚಿ... ಕೊಡಲ್ಲ... ಅಂದ್ರು," ಎಂದಳು.

ನಾನು ಆ ಬೆಣ್ಣೆಯ ದನಿಯನ್ನು ಎರಡು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಮುಂದಕ್ಕೆ ಬಾಗಿ ಹೇಳಿದೆ: "ಈ ವರ್ಷ ಆಗೋದು ಕಷ್ಟ, ಗ್ರಿಯರ್. ಆದ್ರೆ ಇನ್ನೊಂದು ದಾರೀನೂ ಇದೆ. ನಿಮಗೆ ಗೊತ್ತಿರಲಿ ಅಂತ ಹೇಳ್ತಿದೀನಿ, ಅಷ್ಟೇ."

ಸೈಲಸ್ ಚಮಚ ಕೆಳಗಿಟ್ಟ. ಗ್ರಿಯರಳ ಮುಖದ ಸರಿಯಿದ್ದ ಅರ್ಧವೂ ಬಿದ್ದುಹೋಯಿತು. ಆಡಿದವಳು ಯಾರೆಂದು ತಿಳಿಯದಿದ್ದರೂ ಮಾತು ಯಾರದೆಂದು ಅವಳಿಗೆ ತಿಳಿಯಿತು.

ಪಶ್ಚಾತ್ತಾಪ ಪಟ್ಟೆನೇ ಎಂದು ಕೇಳಬೇಡ. ಇಲ್ಲ. ಆ ದಿನ ಮೀನಿನ ಸಾರೂ ರುಚಿಯಾಗಿತ್ತು.

ಜನವರಿಯಲ್ಲಿ ಲಿಗಾಯಾ ನನ್ನ ತಲೆ ಬಾಚುತ್ತಾ ಪಿಸುಗುಟ್ಟಿದಳು: "ಗ್ರಿಯರ್ ಅರ್ಜಿ ಹಾಕಿದಾರೆ. ಒಬ್ಬ ಡಾಕ್ಟರು ನೋಡಿ ಸಹಿ ಮಾಡಿಯೂ ಆಯ್ತು. ಇಬ್ಬರ ಸಹಿ ಬೇಕಲ್ವಾ, ಗುರುವಾರ ಎರಡನೆಯವರು ಬರ್ತಾರೆ."

ಬಾಣ ತಾಗಿತು ಎಂದು ಹಿಗ್ಗಿದೆ. ನಿನ್ನ ಮುಂದೆ ಸುಳ್ಳೇಕೆ?

ಆ ಹಿಗ್ಗು ಮರುದಿನದವರೆಗೂ ಬಾಳಲಿಲ್ಲ. ಅವಳ ಗಂಡ ಅಲಸ್ಟರ್ ಮೊಗಸಾಲೆಯಲ್ಲಿ ಯಾರಿಗೋ ಹೇಳುತ್ತಿದ್ದ: "ಅವಳು ಯಾವತ್ತೂ ಸ್ವತಂತ್ರವಾಗಿ ಬದುಕಿದೋಳು. ಬೇರೆಯವರು ಒರೆಸಬೇಕಾದ ಬದುಕು ಅವಳಿಗೆ ಬೇಡ. ಇದ್ರಲ್ಲಿ ಒಂದು ಘನತೆ ಇದೆ." ನನ್ನ ಎದುರಿಗೇ, ಆನಿಕ್ಕಿ. ಅವತ್ತು ಬೆಳಗ್ಗೆ ತಾನೇ ಲಿಗಾಯಾ ನನ್ನನ್ನು ಒರೆಸಿ, ಹಾಡಿ, ಬಟ್ಟೆ ಹಾಕಿ ಕೂರಿಸಿದ್ದಳು. ನಾನು ಅಲ್ಲಿದ್ದೇನೆಂಬುದೇ ಅವನಿಗೆ ಕಾಣಲಿಲ್ಲ. ನನ್ನ ದಿನನಿತ್ಯದ ಬೆಳಗು ಅವನ ಬಾಯಲ್ಲಿ ಸಾವಿಗಿಂತ ಕೀಳಾಗಿತ್ತು.

ಆಗ ನನಗೆ ಹೊಳೆಯಿತು: ಇವಳು ತಪ್ಪಿಸಿಕೊಳ್ಳುತ್ತಿದ್ದಾಳೆ! ನಮ್ಮ ಒಂದು ಚಳಿಗಾಲವನ್ನೂ ಪೂರ್ತಿ ಬದುಕದೆ, ಹೂವು, ಹಾಡು, ಘನತೆ, ಎಲ್ಲರ ಕಣ್ಣೀರು ಕಟ್ಟಿಕೊಂಡು ಹೊರಟುಬಿಡುತ್ತಾಳೆ. ಧೈರ್ಯವಂತೆ ಎನ್ನುತ್ತಾರೆ. ನಾವು ಇಲ್ಲಿ ಉಳಿದವರು ಹೇಡಿಗಳಾಗುತ್ತೇವೆ. ಇಷ್ಟು ಅಗ್ಗಕ್ಕೆ ಅವಳನ್ನು ಬಿಟ್ಟರೆ ನಾನು ಅಪ್ಪನ ಮಗಳೇ ಅಲ್ಲ.

ಗುರುವಾರ ಬೆಳಗ್ಗೆ ನನ್ನ ಬ್ಯಾಟರಿ ಕುರ್ಚಿಯನ್ನು ಅವಳ ಬಾಗಿಲಿಗೆ ಅಡ್ಡ ನಿಲ್ಲಿಸಿ ಕೀಲಿ ತಿರುಗಿಸಿ ಆರಿಸಿದೆ. ಆ ಕುರ್ಚಿ ಕರಡಿಯಷ್ಟು ತೂಕ. ನಾಲ್ಕು ಜನ ಬಂದರೂ ಕದಲುವುದಿಲ್ಲ. ಮೇಲ್ವಿಚಾರಕಿ ಓಡಿಬಂದಳು.

"ಹಿಲ್ಕಾ, ದಾರಿ ಬಿಡಿ. ಇದು ಅವರ ಹಕ್ಕು."

"ನಾನೆಲ್ಲಿ ಬೇಡ ಅಂದೆ? ಬ್ಯಾಟರಿ ಸತ್ತೋಗಿದೆ. ಪಾಪ, ಯಾರ ಸಹಾಯಾನೂ ಇಲ್ದೆ ತಾನೇ ಸತ್ತಿತು."

ನನ್ನ ಪಕ್ಕದಲ್ಲಿ ತನ್ನ ಕುರ್ಚಿ ನಿಲ್ಲಿಸಿಕೊಂಡಿದ್ದ ಸೈಲಸ್, "ನಂದೂ ಸತ್ತಿದೆ," ಎಂದ. ಅವನದಕ್ಕೆ ಬ್ಯಾಟರಿಯೇ ಇಲ್ಲ.

ಬಂದ ಡಾಕ್ಟರು ಹುಡುಗು ಮುಖದವನು, ಒರಟನಲ್ಲ. ಮಂಡಿಯೂರಿ ನನ್ನ ಕಣ್ಣಿನ ಮಟ್ಟಕ್ಕೆ ಕೂತ. "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದ.

"ವೈರಿ."

"ವೈರಿ ಆದ್ರೆ ಯಾಕೆ ತಡೀತಿದೀರಾ?"

"ಅದು ನಮ್ಮಿಬ್ಬರ ವ್ಯವಹಾರ. ನೀವು ಒಂದು ಪ್ರಶ್ನೆಗೆ ಉತ್ತರ ಕೊಡಿ. ಎರಡು ಕಾಲಲ್ಲಿ ಓಡಾಡೋ ಹೆಂಗಸು ನಿಮ್ಮ ಹತ್ರ ಬಂದು ಸಾಯ್ಬೇಕು ಅಂದ್ರೆ ಏನು ಮಾಡ್ತೀರಿ?"

"ಯಾಕೆ ಅಂತ ಕೇಳ್ತೀನಿ. ಉಳಿಸೋಕೆ ನೋಡ್ತೀನಿ."

"ಅದೇ ಮಾತು ನಾನೋ ಅವಳೋ ಅಂದ್ರೆ?"

ಅವನು ಗ್ರಿಯರಳ ಕಡತ ತೆರೆದ.

"ಎರಡು ಸ್ನಾನ ಕೇಳಿದ್ಲು, ಕೊಡ್ಲಿಲ್ಲ. ಮೈಗೆ ಹೊಂದೋ ಕುರ್ಚಿ ಕೇಳಿದ್ಲು, ಕೊಡ್ಲಿಲ್ಲ. ಸಾಯ್ತೀನಿ ಅಂದ್ಲು, ತಕ್ಷಣ ಇಬ್ಬರು ಡಾಕ್ಟರು! ಮೊದಲಿನ ಎರಡು ಕೊಟ್ಟು ಆಮೇಲೆ ಬಂದು ಕೇಳಿ. ಆಗಲೂ ಸಾಯ್ತೀನಿ ಅಂದ್ರೆ ನನ್ನ ಬ್ಯಾಟರಿಗೆ ಜೀವ ಬರುತ್ತೆ."

ಅವನು ಮೇಲ್ವಿಚಾರಕಿಯ ಕಡೆ ತಿರುಗಿ, "ಇವತ್ತು ನಾನು ಸಹಿ ಮಾಡಲ್ಲ. ಇವರು ಹೇಳಿದ್ದು ನಿಜವಾ, ಮೊದಲು ತಿಳ್ಕೋಬೇಕು," ಎಂದು ಎದ್ದುಹೋದ. ಅವನ ಮೇಲೂ ನನಗೆ ಸಿಟ್ಟಿದೆ. ಇದೇ ಪ್ರಶ್ನೆಯನ್ನು ತೈಸ್ತೊನ ಬಾಗಿಲಲ್ಲಿ ಯಾರೂ ಕೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕುರ್ಚಿ ತಿರುಗಿಸಿ ಒಳಕ್ಕೆ ಹೋದೆ. ಗ್ರಿಯರ್ ಎಲ್ಲ ಕೇಳಿಸಿಕೊಂಡಿದ್ದಳು. "ನೀವು... ಯಾರು?" ಎಂದಳು.

"ತೈಸ್ತೊ ಸಾರೆಲಾ ಅಂತ ಒಬ್ಬನಿದ್ದ. ಅವನ ಅಕ್ಕ."

ಅವಳು ಕಣ್ಣು ಮುಚ್ಚಿದಳು. ತುಟಿ ಏನನ್ನೋ ಹುಡುಕುತ್ತಿತ್ತು. "ಮೀನು," ಎಂದಳು ಕೊನೆಗೆ. "ಹೇಳ್ತಿದ್ದ... ಮೀನು ಅವನನ್ನೇ... ಎಳ್ಕೊಂಡು ಹೋಯ್ತು ಅಂತ. ಅಷ್ಟು... ನಕ್ಕಿದ್ದೆ."

ಆ ಮೀನಿನ ಕಥೆ ನಿನಗೂ ಬಾಯಿಪಾಠ. ಮೇಜಿನಲ್ಲಿ ತಲೆ ತಗ್ಗಿಸಿ ಗಂಜಿ ಕುಡಿಯುವಾಗೆಲ್ಲ ಅವಳಿಗೆ ಅವನು ಚೆನ್ನಾಗಿ ನೆನಪಿದ್ದ. ಅವನು ಅವಳನ್ನು ನಗಿಸಿದ್ದ. ಅವನು ಫೋನು ತೆರೆದಿಡುವ ಮೊದಲೇ ನಕ್ಕು, ಕಾಫಿ ಕುಡಿದು, ಆಮೇಲೆ ಆ ಮಾತು ಹೇಳಿದ್ದಾಳೆ. ಮರೆತವಳೆಂದು ದ್ವೇಷಿಸುವುದು ಎಷ್ಟೋ ಸುಲಭವಾಗಿತ್ತು.

"ಅವನ ಹೆಸರು ಹೇಳು," ಎಂದೆ.

"ತ... ತಾ..."

"ಹೇಳು."

ಬರಲಿಲ್ಲ. ಗಲ್ಲದ ಮೇಲೆ ಜೊಲ್ಲು ಇಳಿಯಿತು. ಒರೆಸಲು ನನಗೆ ಕೈಯಿಲ್ಲ, ಇದ್ದರೂ ಒರೆಸುತ್ತಿರಲಿಲ್ಲ. "ನಾಳೆ ಮತ್ತೆ ಬರ್ತೀನಿ," ಎಂದು ಹೇಳಿ ಬಂದೆ.

ಅಂದಿನಿಂದ ಪ್ರತಿದಿನ ಬೆಳಗಿನ ಕಾಫಿಯಾದ ಮೇಲೆ ನಾನು ಅವಳ ಕೋಣೆಗೆ ಹೋಗುತ್ತೇನೆ. ತೈ ಬರುತ್ತಿತ್ತು, ಸ್ತೊ ಬರುತ್ತಿರಲಿಲ್ಲ. ಸ್ತೊ ಬಂದ ದಿನ ತೈ ಹೋಗಿರುತ್ತಿತ್ತು. ಅಳುತ್ತಿದ್ದಳು. "ಅತ್ಕೋ, ಆದ್ರೆ ಹೇಳು," ಎನ್ನುತ್ತಿದ್ದೆ. ಒಂದು ದಿನ ಎಡಗೈಯಿಂದ ಕಾಫಿ ಲೋಟವನ್ನು ನನ್ನತ್ತ ಎಸೆದಳು. ಗುರಿ ತಪ್ಪಿತು, ಆದರೂ ಎಸೆತದಲ್ಲಿ ಕಸುವಿತ್ತು. ಮಾತು ಕಲಿಸಲು ಬರುವ ಚಿಕಿತ್ಸಕಿ ಇದನ್ನೆಲ್ಲ ನೋಡಿ, "ಇಷ್ಟು ಬೇಗ ಇಷ್ಟು ಪ್ರಗತಿ! ಹಿಲ್ಕಾ, ನಿಮ್ಮಂಥ ಗೆಳತಿ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದಳು. ಸೈಲಸ್ ನಕ್ಕ ನಗುವಿಗೆ ಕಾಫಿ ಮೂಗಿಗೇರಿತು.

ಅತ್ತ ನಾನೂ ಸೈಲಸ್ಸೂ ಸೇರಿ ನಿವಾಸಿಗಳ ಸಭೆಯಲ್ಲಿ ಗದ್ದಲ ಎಬ್ಬಿಸಿದೆವು. ಎರಡನೆಯ ಸ್ನಾನ ಸಿಕ್ಕಿತು, ಅವಳಿಗೊಬ್ಬಳಿಗೇ ಅಲ್ಲ, ನಮ್ಮ ಮೊಗಸಾಲೆಯ ಎಲ್ಲ ಕೋಣೆಯವರಿಗೂ. ಅಳತೆಯ ಕುರ್ಚಿಯೂ ಬಂತು. ಅದರಲ್ಲಿ ನೆಟ್ಟಗೆ ಕೂತ ದಿನ ಅವಳು ಕಿಟಕಿಯಾಚೆಯ ಸರೋವರವನ್ನು ಮೊದಲ ಸಲ ನೋಡಿದವಳಂತೆ ನೋಡಿದಳು. ಇದನ್ನು ಕರುಣೆ ಎಂದುಕೊಳ್ಳಬೇಡ. ಹೊರಡಲು ಅವಳಿಗೆ ಒಂದು ನೆಪವೂ ಉಳಿಯಬಾರದಿತ್ತು.

ಹೆಸರು ಪೂರ್ತಿ ಬಂದ ಮೇಲೆ ಊರಿನ ರೇಡಿಯೋದವರನ್ನು ಕರೆಸಿದೆ. ಅಲಸ್ಟರ್ ಕೂಗಾಡಿದ: "ಕಾಯಿಲೆಯವಳನ್ನ ಹಿಂಸೆ ಮಾಡ್ತಿದೀರಿ!" ಗ್ರಿಯರ್ ಎಡಗೈ ಎತ್ತಿ ಅವನನ್ನು ಸುಮ್ಮನಾಗಿಸಿದಳು. "ನಾನು... ಹೇಳ್ತೀನಿ," ಎಂದಳು.

ಹೇಳಿದಳು. ಕಳೆದ ವಾರ ಬೆಳಗಿನ ಸುದ್ದಿಯಾದ ಮೇಲೆ ಇಡೀ ಊರು ಕೇಳಿತು. ಅವರು ಅವಳ ತೊದಲನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದರು. "ತೈಸ್ತೊ ಸಾರೆಲಾ... ಲಿಫ್ಟ್ ಕೇಳಿದ. ನಾನು... ಸಾವು ಇದೆ ಅಂದೆ. ಹಾಗೆ ಹೇಳಬೇಕು ಅಂತ... ನಮಗೆ ಕಲಿಸಿದ್ರು. ಅವನಿಗೊಬ್ಬನಿಗೇ... ಅಲ್ಲ. ಇನ್ನೂ... ಬಹಳ ಜನಕ್ಕೆ. ಒಳ್ಳೇದು ಮಾಡ್ತಿದೀನಿ... ಅಂದ್ಕೊಂಡಿದ್ದೆ."

ಕಚೇರಿಯವರು 'ತರಬೇತಿಯನ್ನು ಮರುಪರಿಶೀಲಿಸುತ್ತೇವೆ' ಎಂದು ಎರಡು ಸಾಲು ಹೇಳಿ ಕೈತೊಳೆದುಕೊಂಡರು. ಆದರೆ ರೇಡಿಯೋಕ್ಕೆ ಫೋನು ಬಂದವು. ಇದೇ ಮಾತು ಕೇಳಿಸಿಕೊಂಡವರು, ಕೇಳಿಸಿಕೊಂಡು ಹೋದವರ ಹೆಂಡಂದಿರು, ತಾಯಂದಿರು. ಅವರೆಲ್ಲ ಈಗ ನನಗೆ ಫೋನು ಮಾಡುತ್ತಾರೆ. ನಾವು ಸುಮ್ಮನಿರುವುದಿಲ್ಲ. ಅಪ್ಪನ ಸಂಘವೂ ಹೀಗೇ ಹುಟ್ಟಿದ್ದು.

ನಿನ್ನೆ ಗ್ರಿಯರ್ ಕೇಳಿದಳು: "ಹಿಲ್ಕಾ, ಯಾವಾಗ... ಕ್ಷಮಿಸ್ತೀಯಾ?"

"ಯಾವತ್ತೂ ಇಲ್ಲ," ಎಂದೆ. "ದಿನಾ ಬೆಳಗ್ಗೆ ಬಂದು ಇಲ್ಲ ಅಂತಾನೇ ಹೇಳ್ತೀನಿ. ಕೇಳಿಸ್ಕೊಳ್ಳೋಕೆ ನೀನು ಬದುಕಿರ್ಬೇಕು."

ಅವಳು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಮಂಜು ಕರಗಲಿ, ಆಮೇಲೆ ನೋಡೋಣ ಎಂದಿದ್ದಾಳೆ. ಕರಗಿದ ಮೇಲೆ ಮೀನಿನ ಕಾಲ ಬರುತ್ತದೆ. ಗಾಲಿಕುರ್ಚಿ ಸಮೇತ ಹತ್ತಬಹುದಾದ ದೋಣಿಯೊಂದು ಸೈಲಸ್‌ಗೆ ಗೊತ್ತಂತೆ. ಅವಳನ್ನು ಅದರಲ್ಲಿ ಕೂರಿಸುತ್ತೇನೆ. ತೈಸ್ತೊ ಕೂರಬೇಕಿದ್ದ ಜಾಗದಲ್ಲಿ ಕೂತು ಅವಳು ಇಡೀ ದಿನ ನೀರು ನೋಡಲಿ.

ಪುಟ್ಟಿಗೆ ನನ್ನ ಮುತ್ತು. ಗಂಡನಿಗೆ ಹಿಮ ಎತ್ತುವಾಗ ಬೆನ್ನು ಜೋಪಾನವೆಂದು ಹೇಳು. ನಿಮ್ಮ ಒಲೆ ಆರದಿರಲಿ, ನಿಮ್ಮ ಬಾಗಿಲು ಯಾರ ಗಾಲಿಗೂ ಕಿರಿದಾಗದಿರಲಿ. ನೂರು ವರ್ಷ ಬಾಳು ಮಗಳೇ, ಕೊನೆಕೊನೆಗೆ ಯಾರಾದರೂ ಒರೆಸಬೇಕಾಗಿ ಬಂದರೂ.

ನಿನ್ನ ಅಮ್ಮ,
ಹಿಲ್ಕಾ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು: ಕ್ರಿಸ್‌ಮಸ್ಸಿನ ಮರುದಿನ ಮಧ್ಯಾಹ್ನ, ನಾನು ನಿದ್ದೆ ಹೋಗಿದ್ದೇನೆಂದುಕೊಂಡು, ಬಾಗಿಲ ಬಳಿ ನೀನು ಲಿಗಾಯಾಳನ್ನು ಕೇಳಿದೆ: "ಅಮ್ಮ ಯಾವತ್ತಾದ್ರೂ ಮಾವ ಹಾಕಿದ್ದಂಥ ಅರ್ಜಿ ಬಗ್ಗೆ ಕೇಳಿದಾರಾ?" ಅವಳು "ಇಲ್ಲ" ಎಂದಳು. ನೀನು ಒಂದು ಉಸಿರು ಬಿಟ್ಟೆ. ಅದು ನೆಮ್ಮದಿಯದೋ ನಿರಾಸೆಯದೋ ನನಗೆ ಇವತ್ತಿಗೂ ತಿಳಿದಿಲ್ಲ. ಫೋನಿನಲ್ಲಿ ಹೇಳಬೇಡ. ಬಂದು, ನನ್ನ ಎದುರು ಕೂತು, ಮುಖ ನೋಡಿಕೊಂಡು ಹೇಳು.